ಲೋಹದ ನ್ಯಾನೊಕಣಗಳು ಮತ್ತು ಕ್ಯಾನ್ಸರಿನ ವಿಕಿರಣ ಚಿಕಿತ್ಸೆ

ಸುಮಾರು 1ರಿಂದ 100 ನ್ಯಾನೊಮೀಟರ್ ಗಾತ್ರದ ಲೋಹದ ಅಥವಾ ಲೋಹದ ಸಂಯುಕ್ತದ ಕಣಗಳಿಗೆ ಲೋಹದ ನ್ಯಾನೊಕಣಗಳೆಂದು ಹೆಸರು. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಕ್ಯಾನ್ಸರ್ ಗಡ್ಡೆಯೊಳಗೆ ಈ ಕಣಗಳನ್ನು ಸೇರಿಸಿ ಎಕ್ಸ್‌ರೇ ಹಾಯಿಸಿದರೆ, ಕೊಟ್ಟಷ್ಟೇ ವಿಕಿರಣದಿಂದ ಗಡ್ಡೆಗೆ ಹೆಚ್ಚು ಪೆಟ್ಟು ಬೀಳುತ್ತದೆ. ಈ ಚರಿತ್ರೆಯಲ್ಲಿ ಹೆಸರು ಮಾಡಿದ್ದು ಚಿನ್ನ. ಈ ಉದ್ದೇಶಕ್ಕೆ ರೋಗಿಗಳವರೆಗೆ ತಲುಪಿದ್ದು ಮಾತ್ರ ಹಾಫ್ನಿಯಂ ಮತ್ತು ಗ್ಯಾಡೊಲಿನಿಯಂ.

ಈ ಕಣಗಳು ಏನೆಂದು ತಿಳಿಯುವ ಮೊದಲೇ ಕುಶಲಕರ್ಮಿಗಳು ಅವನ್ನು ಬಳಸುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ನಾಲ್ಕನೆಯ ಶತಮಾನದ ರೋಮನ್ ಗಾಜಿನ ಬಟ್ಟಲು ‘ಲೈಕರ್ಗಸ್ ಕಪ್’ ಮುಂದಿನಿಂದ ಬೆಳಕು ಬಿದ್ದಾಗ ಹಸಿರಾಗಿಯೂ ಒಳಗಿನಿಂದ ಬೆಳಕು ಹಾದಾಗ ಕೆಂಪಾಗಿಯೂ ಕಾಣುತ್ತದೆ. ಗಾಜಿನಲ್ಲಿ ಬೆರೆತಿರುವ ಚಿನ್ನ–ಬೆಳ್ಳಿಯ ಅತಿಸೂಕ್ಷ್ಮ ಕಣಗಳೇ ಇದಕ್ಕೆ ಕಾರಣ. ಇದನ್ನು ವಿಜ್ಞಾನದ ಪ್ರಶ್ನೆಯಾಗಿಸಿದವನು ಮೈಕೆಲ್ ಫ್ಯಾರಡೆ. 1857ರಲ್ಲಿ ಆತ ಗೋಲ್ಡ್ ಕ್ಲೋರೈಡ್ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದ ಬಣ್ಣದ ದ್ರವ ಪಡೆದ. ಅದರಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆದ ಚಿನ್ನವೇ ಎಂದು ವಾದಿಸಿದ. ಉಪ್ಪು ಹಾಕಿದೊಡನೆ ಆ ಕೆಂಪು ನೀಲಿಗೆ ತಿರುಗುವುದನ್ನೂ ಗಮನಿಸಿದ. ಅವನ ಕೈಯ ಕೆಲವು ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ.

ಬಣ್ಣದ ಕಾರಣವನ್ನು 1908ರಲ್ಲಿ ಗುಸ್ಟಾಫ್ ಮೀ ಗಣಿತದಿಂದ ವಿವರಿಸಿದ. ಕಣದ ಎಲೆಕ್ಟ್ರಾನ್‌ಗಳೆಲ್ಲ ಬೆಳಕಿನ ಅಲೆಗೆ ಒಟ್ಟಾಗಿ ತೊನೆಯುತ್ತವೆ. ಸಣ್ಣ ಚಿನ್ನದ ಕಣಗಳು ಸುಮಾರು 520 ನ್ಯಾನೊಮೀಟರಿನ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ದ್ರವ ಕೆಂಪಾಗಿ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಬಣ್ಣ ನೀಲಿಯತ್ತ ಸರಿಯುತ್ತದೆ. ಫ್ಯಾರಡೆಯ ಸೀಸೆಯಲ್ಲಿ ಉಪ್ಪು ಮಾಡಿದ್ದು ಇದನ್ನೇ. ರಕ್ತವೂ ಉಪ್ಪುನೀರೇ ಆದ್ದರಿಂದ ಮೈಗೆ ಚುಚ್ಚುವ ಕಣಗಳಿಗೆ ಇಂದಿಗೂ ಒಂದು ರಕ್ಷಣಾ ಹೊದಿಕೆ ತೊಡಿಸಬೇಕು. ಚಿನ್ನದ ಕಣಗಳನ್ನು ಸುಲಭವಾಗಿ ತಯಾರಿಸುವ ಸಿಟ್ರೇಟ್ ವಿಧಾನವನ್ನು ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದರು.

ವಿಕಿರಣ ಚಿಕಿತ್ಸೆಗೆ ಬೇಕಾದ ಗುಣ ಬಣ್ಣವಲ್ಲ, ಪರಮಾಣುವಿನ ಭಾರ. ಚಿನ್ನದ ಪರಮಾಣು ಸಂಖ್ಯೆ 79. ದೇಹದ ಮೃದು ಅಂಗಾಂಶದ ಸರಾಸರಿ ಎಂಟಕ್ಕೂ ಕಡಿಮೆ. ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ವಸ್ತು ಹೀರುವ ಮುಖ್ಯ ಬಗೆ ದ್ಯುತಿವಿದ್ಯುತ್ ಪರಿಣಾಮ. ಅದು ಪರಮಾಣು ಸಂಖ್ಯೆಯ ಘನಕ್ಕೆ ಅನುಗುಣವಾಗಿ ಏರುತ್ತದೆ, ಎಕ್ಸ್‌ರೇಯ ಶಕ್ತಿ ಹೆಚ್ಚಿದಂತೆ ಅಷ್ಟೇ ಬಿರುಸಾಗಿ ಇಳಿಯುತ್ತದೆ. ಹೀರಿಕೊಂಡ ಪರಮಾಣುವಿನಿಂದ ಹೊಮ್ಮುವ ಓಜೇ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ಒಂದು ಮೈಕ್ರೊಮೀಟರನ್ನೂ ದಾಟುವುದಿಲ್ಲ. ಅಷ್ಟರೊಳಗೇ ತಮ್ಮ ಶಕ್ತಿಯನ್ನೆಲ್ಲ ಸುರಿದು, ನೀರಿನ ಅಣುಗಳನ್ನು ಒಡೆದು, ಹತ್ತಿರದ ಡಿಎನ್‌ಎಯನ್ನು ಕತ್ತರಿಸುತ್ತವೆ.

ಲೋಹದ ಕಲಿಲವನ್ನು, ಅಂದರೆ ಸೂಕ್ಷ್ಮ ಕಣಗಳು ಬೆರೆತ ದ್ರವವನ್ನು, ರೋಗಿಗೆ ಚುಚ್ಚುವುದು ಹೊಸದೇನಲ್ಲ. 1940ರ ದಶಕದಲ್ಲಿ ಅಮೆರಿಕದ ವೈದ್ಯರು ವಿಕಿರಣಶೀಲ ಚಿನ್ನ-198ರ ಕಲಿಲವನ್ನು ಕ್ಯಾನ್ಸರಿಗೆ ಬಳಸಿದ್ದರು. ಅಲ್ಲಿ ಚಿನ್ನವೇ ವಿಕಿರಣದ ಮೂಲ. 1930ರ ಸುಮಾರಿಗೆ ಎಕ್ಸ್‌ರೇ ಚಿತ್ರಗಳಿಗಾಗಿ ಬಳಕೆಗೆ ಬಂದ ಥೋರೋಟ್ರಾಸ್ಟ್ ಎಂಬ ಥೋರಿಯಂ ಆಕ್ಸೈಡ್ ಕಲಿಲದ ಕಥೆ ಕಹಿಯಾದದ್ದು. ಯಕೃತ್ತಿನಲ್ಲಿ ಜೀವನಪೂರ್ತಿ ಉಳಿದ ಅದು ದಶಕಗಳ ಬಳಿಕ ಅನೇಕರಿಗೆ ಯಕೃತ್ತಿನ ಕ್ಯಾನ್ಸರ್ ತಂದಿತು. ದೇಹದಲ್ಲಿ ಉಳಿದುಬಿಡುವ ಕಣಗಳ ಬಗ್ಗೆ ಇಂದು ಕೇಳುವ ಪ್ರಶ್ನೆಗಳ ಹಿಂದೆ ಈ ಅನುಭವವನ್ನೂ ನೆನೆಯಬೇಕು.

ಚಿನ್ನಕ್ಕೆ ತಿರುವು ಕೊಟ್ಟದ್ದು ಜೇಮ್ಸ್ ಹೈನ್‌ಫೆಲ್ಡ್, ಡೇನಿಯಲ್ ಸ್ಲಾಟ್ಕಿನ್, ಹೆನ್ರಿ ಸ್ಮಿಲೋವಿಟ್ಜ್ ಅಮೆರಿಕದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗ. ಸ್ತನದ ಗಡ್ಡೆಯಿದ್ದ ಇಲಿಗಳ ರಕ್ತನಾಳಕ್ಕೆ 1.9 ನ್ಯಾನೊಮೀಟರ್ ಚಿನ್ನದ ಕಣಗಳನ್ನು ಚುಚ್ಚಿ, ಕೆಲವೇ ನಿಮಿಷಗಳಲ್ಲಿ 250 ಕಿಲೊವೋಲ್ಟಿನ ಎಕ್ಸ್‌ರೇ ಕೊಟ್ಟರು. ಒಂದು ವರ್ಷದ ನಂತರ ಬದುಕಿದ್ದವು ಶೇ. 86. ಬರೀ ಎಕ್ಸ್‌ರೇ ಪಡೆದವುಗಳಲ್ಲಿ ಶೇ. 20, ಬರೀ ಚಿನ್ನ ಪಡೆದವುಗಳಲ್ಲಿ ಒಂದೂ ಇಲ್ಲ. ಈ ಅಂಕಿಗಳನ್ನು ಉಲ್ಲೇಖಿಸುವವರು ಅದರ ಬೆಲೆಯನ್ನು ಹೇಳುವುದು ಕಡಿಮೆ. ಇಲಿಗಳಿಗೆ ಕೊಟ್ಟದ್ದು ದೇಹತೂಕದ ಕಿಲೋಗೆ 2.7 ಗ್ರಾಂ ಚಿನ್ನ. ಅದೇ ಲೆಕ್ಕದಲ್ಲಿ 60 ಕಿಲೋ ತೂಕದ ವ್ಯಕ್ತಿಗೆ 162 ಗ್ರಾಂ ಬೇಕು, ನಮ್ಮಲ್ಲಿ ಒಂದು ಮದುವೆಯ ಒಡವೆಗೆ ಸಾಲುವಷ್ಟು.

ಇನ್ನೊಂದು ತೊಡಕು ಯಂತ್ರದ್ದು. ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆಯನ್ನು ಇಂದಿನ ಆಸ್ಪತ್ರೆಗಳಲ್ಲಿ ನೀಡುವುದು ಬಹುತೇಕ 6 ಮೆಗಾವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಲೀನಿಯರ್ ಆಕ್ಸಿಲರೇಟರ್‌ಗಳಲ್ಲಿ. ಒಳಗಿನ ಗಡ್ಡೆಗೆ ಅಷ್ಟು ಶಕ್ತಿ ಬೇಕೇ ಬೇಕು. ಆದರೆ ಅಲ್ಲಿ ದ್ಯುತಿವಿದ್ಯುತ್ ಪರಿಣಾಮ ನಗಣ್ಯ. 2005ರಲ್ಲಿ ಸಾಂಗ್ ಹ್ಯುನ್ ಚೋ ಮಾಡಿದ ಗಣಕ ಲೆಕ್ಕಾಚಾರದಲ್ಲಿ ಗಡ್ಡೆಯ ಪ್ರತಿ ಗ್ರಾಮಿಗೆ 7 ಮಿಲಿಗ್ರಾಂ ಚಿನ್ನವಿದ್ದರೆ ಕಡಿಮೆ ಶಕ್ತಿಯ ಎಕ್ಸ್‌ರೇ ಡೋಸ್ ಎರಡು ಪಟ್ಟಾಗುತ್ತಿತ್ತು. ಮೆಗಾವೋಲ್ಟ್ ಕಿರಣದಲ್ಲಿ ಏರಿಕೆ ಕೆಲವೇ ಶೇಕಡ. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಇದಕ್ಕಿಂತ ಹೆಚ್ಚು ಹಾನಿ ಕಂಡದ್ದುಂಟು. ಕಣದ ಪಕ್ಕದಲ್ಲೇ ಡೋಸ್ ವಿಪರೀತವಾಗುವುದು ಮತ್ತು ಕಣದ ಮೇಲ್ಮೈ ನಡೆಸುವ ರಾಸಾಯನಿಕ ಕ್ರಿಯೆಗಳು ಇದಕ್ಕೆ ಕೊಡುವ ವಿವರಣೆಗಳು. ಇನ್ನು ಗುರಿ ಮುಟ್ಟುವ ಮಾತು: ಹತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ 2016ರ ವಿಶ್ಲೇಷಣೆಯೊಂದರ ಪ್ರಕಾರ ರಕ್ತಕ್ಕೆ ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರುವುದು ಮಧ್ಯಾಂಕದಲ್ಲಿ ಕೇವಲ ಶೇ. 0.7. ಸುಮಾರು 6 ನ್ಯಾನೊಮೀಟರಿಗಿಂತ ಸಣ್ಣವು ಮೂತ್ರದಲ್ಲಿ ಹೊರಹೋಗುತ್ತವೆ, ದೊಡ್ಡವು ಹೆಚ್ಚಾಗಿ ಯಕೃತ್ತು ಮತ್ತು ಗುಲ್ಮದಲ್ಲಿ ತಂಗುತ್ತವೆ.

ಫ್ರಾನ್ಸಿನ ನ್ಯಾನೊಬಯೋಟಿಕ್ಸ್ ಕಂಪನಿ ರಕ್ತದ ದಾರಿಯನ್ನೇ ಬಿಟ್ಟಿತು. ಅದರ ಎನ್‌ಬಿಟಿಎಕ್ಸ್‌ಆರ್3 ಎಂಬುದು ಹಾಫ್ನಿಯಂ ಆಕ್ಸೈಡಿನ ಕಣಗಳು. ಸೂಜಿಯಿಂದ ನೇರವಾಗಿ ಗಡ್ಡೆಗೇ ಚುಚ್ಚಬೇಕು. ಕೈಕಾಲು ಮತ್ತು ಮುಂಡದ ಮೃದು ಅಂಗಾಂಶದ ಸಾರ್ಕೋಮಾ ಎಂಬ ಕ್ಯಾನ್ಸರ್ ಇದ್ದ 180 ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕೋಶಗಳು ಬಹುತೇಕ ಉಳಿಯದಿದ್ದದ್ದು ಕಣ ಪಡೆದವರಲ್ಲಿ ಶೇ. 16, ಬರೀ ವಿಕಿರಣ ಪಡೆದವರಲ್ಲಿ ಶೇ. 8. ಇಲಿಗಳ ಫಲಿತಾಂಶದ ಮುಂದೆ ಸಪ್ಪೆ ಎನಿಸಿದರೂ ಇದು ಮನುಷ್ಯರಲ್ಲಿ ಸಿಕ್ಕ ಉತ್ತರ, ಅದಕ್ಕೇ ಹೆಚ್ಚು ತೂಕ. ಅದೇ ವರ್ಷ ಯುರೋಪಿನಲ್ಲಿ ಈ ಕಣಗಳಿಗೆ ಮಾರಾಟದ ಅನುಮತಿಯಾದ ಸಿಇ ಮುದ್ರೆ ದೊರೆಯಿತು. ಫ್ರಾನ್ಸಿನದೇ ಆದ ಎಜಿಯುಐಎಕ್ಸ್ ಎಂಬ ಗ್ಯಾಡೊಲಿನಿಯಂ ಕಣಗಳನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ; ಅವು ಎಂಆರ್‌ಐ ಚಿತ್ರದಲ್ಲೂ ಕಾಣುವುದರಿಂದ ಗಡ್ಡೆ ತಲುಪಿದ್ದನ್ನು ಕಂಡುಕೊಳ್ಳಬಹುದು. ಮೆದುಳಿಗೆ ಹರಡಿದ ಕ್ಯಾನ್ಸರಿನ 15 ರೋಗಿಗಳಲ್ಲಿ ಗ್ರೆನೋಬಲ್‌ನ ವೈದ್ಯರು ಅವುಗಳ ಮೊದಲ ಹಂತದ ಪರೀಕ್ಷೆ ನಡೆಸಿದರು. ವಿಕಿರಣದ ಪರಿಣಾಮ ಹೆಚ್ಚಿಸಲೆಂದು ಚಿನ್ನದ ನ್ಯಾನೊಕಣವನ್ನು ಬಳಸುವ ಯಾವ ಚಿಕಿತ್ಸೆಗೂ ಇನ್ನೂ ಅನುಮತಿ ಸಿಕ್ಕಿಲ್ಲ.