ಬೇಳೆ ತುಂಬಿದ ರೊಟ್ಟಿ ಕಡಲು ದಾಟಿದ ಕಥೆ

ಇತಿಹಾಸ ಎಂದಾಕ್ಷಣ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಇಸವಿಗಳು. ಅಡುಗೆ ಮನೆಗೂ ಒಂದು ಇತಿಹಾಸವಿದೆ ಎಂದರೆ ಹಲವರು ನಕ್ಕುಬಿಡುತ್ತಾರೆ. ಆದರೆ ಪ್ರಿಯ ಓದುಗರೇ, ನಿನ್ನೆ ರಾತ್ರಿ ನಿಮ್ಮ ತಟ್ಟೆಗೆ ಬಂದ ರೊಟ್ಟಿ ಬಹಮನಿ ಸುಲ್ತಾನರಿಗಿಂತಲೂ ಹಳೆಯದು. ಅದನ್ನು ಲಟ್ಟಿಸುವ ವಿದ್ಯೆ ತಾಯಿಯ ಕೈಯಿಂದ ಮಗಳ ಕೈಗೆ, ಅತ್ತೆಯ ಕೈಯಿಂದ ಸೊಸೆಯ ಕೈಗೆ ದಾಟಿ ಬಂದದ್ದು. ಅದಕ್ಕೆ ಪಠ್ಯಪುಸ್ತಕವಿರಲಿಲ್ಲ, ಮದ್ರಸವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಇಲ್ಲಿ ನಾನು ಹೇಳಹೊರಟಿರುವುದು ಅಂತಹ ಒಂದು ರೊಟ್ಟಿಯ ಕಥೆ. ಬೇಳೆಯನ್ನು ಬೇಯಿಸಿ, ಪುಡಿ ಮಾಡಿ, ಹಿಟ್ಟಿನ ಉಂಡೆಯೊಳಗೆ ತುಂಬಿ ಲಟ್ಟಿಸುವ ಈ ರೊಟ್ಟಿಗೆ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಭೋಜ್‌ಪುರಿ ನಾಡಿನಲ್ಲಿ ದಾಲ್ ಪೂರಿ ಎನ್ನುತ್ತಾರೆ.

ಬೇಳೆ ಮತ್ತು ಹಿಟ್ಟಿನ ಈ ನಂಟು ನಮಗೆ ಹೊಸದೇನಲ್ಲ. ಕಲ್ಯಾಣದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಗೋಧಿ ಹಿಟ್ಟಿನ ಮಂಡಿಗೆ, ಹೂರಣ ತುಂಬಿದ ಭಕ್ಷ್ಯ, ಬೇಳೆಗಳನ್ನು ಬೀಸಿ ಮಾಡುವ ತಿನಿಸುಗಳ ವಿವರವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸನು ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದನು. ಅದರ ಮೊದಲ ಅಧ್ಯಾಯವೇ ಹಿಟ್ಟಿನ ಅಡುಗೆಗಳದ್ದು. ಅದೇ ಶತಮಾನದ ವೈದ್ಯಗ್ರಂಥ 'ಭಾವಪ್ರಕಾಶ' ಉದ್ದಿನ ಹಿಟ್ಟಿನ ರೊಟ್ಟಿ, ಕಡಲೆ ಹಿಟ್ಟಿನ ರೊಟ್ಟಿಗಳ ಗುಣಗಳನ್ನು ಹೇಳುತ್ತದೆ.

14ನೇ ಶತಮಾನದಲ್ಲಿ ದೆಹಲಿಗೆ ಬಂದ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿನ ಧಾನ್ಯ, ಕಾಳುಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ. ಹೆಸರು ಕಾಳನ್ನು ಅಕ್ಕಿಯೊಂದಿಗೆ ಬೇಯಿಸಿ ತುಪ್ಪ ಹಾಕಿ ಬೆಳಗಿನ ಉಪಾಹಾರಕ್ಕೆ ತಿನ್ನುತ್ತಾರೆಂದು ಬರೆದು, ಅದರ ಹೆಸರು 'ಕಿಶ್ರಿ' ಎಂದಿದ್ದಾರೆ. ನಮ್ಮ ಖಿಚಡಿಯೇ ಅದು. ಇನ್ನು ಅಕ್ಬರನ ಕಾಲದ ಅಬುಲ್ ಫಝಲರ 'ಆಯಿನೆ ಅಕ್ಬರಿ'ಯಲ್ಲಂತೂ ರೊಟ್ಟಿಯ ಲೆಕ್ಕವೇ ಇದೆ. ಒಲೆಯಲ್ಲಿ ಸುಡುವ ದೊಡ್ಡ ರೊಟ್ಟಿಗೆ 10 ಸೇರು ಹಿಟ್ಟು, 5 ಸೇರು ಹಾಲು, ಒಂದೂವರೆ ಸೇರು ತುಪ್ಪ, ಕಾಲು ಸೇರು ಉಪ್ಪು. ಕಬ್ಬಿಣದ ಕಾವಲಿಯ ಮೇಲಿನ ತೆಳು ರೊಟ್ಟಿಯಾದರೆ ಒಂದು ಸೇರು ಹಿಟ್ಟಿಗೆ 15 ಅಥವಾ ಅದಕ್ಕೂ ಹೆಚ್ಚು. ಅರಮನೆಯ ರೊಟ್ಟಿಗೆ ಬೇಕಾದ ನಯವಾದ ಹಿಟ್ಟು ಒಂದು ಮಣ ಗೋಧಿಯಿಂದ ಅರ್ಧ ಮಣವಷ್ಟೇ ಸಿಗುತ್ತಿತ್ತು. ಉಳಿದದ್ದರಲ್ಲಿ ಹೆಚ್ಚಿನದು ತೌಡು.

ಇಷ್ಟೆಲ್ಲ ಲೆಕ್ಕ ಇಟ್ಟವರು ಒಂದನ್ನು ಮಾತ್ರ ಬರೆಯಲಿಲ್ಲ. ಆ ತೌಡು ಮಿಶ್ರಿತ ಹಿಟ್ಟನ್ನೇ ಕಲಸಿ, ಒಂದು ಹಿಡಿ ಬೇಳೆಯಲ್ಲಿ ಇಡೀ ಕುಟುಂಬದ ಹೊಟ್ಟೆ ತುಂಬಿಸುತ್ತಿದ್ದ ಹೆಣ್ಣುಮಗಳ ಬಗ್ಗೆ ಅವರಲ್ಲಿ ಒಂದು ಸಾಲೂ ಇಲ್ಲ. ಅರಮನೆಯ ರೊಟ್ಟಿಗೆ ಗ್ರಂಥ ಸಿಕ್ಕಿತು, ಬಡವರ ರೊಟ್ಟಿಗೆ ಕೈಯೇ ಗ್ರಂಥ. ಆದರೂ ಹೆಚ್ಚು ದೂರ ಪ್ರಯಾಣ ಮಾಡಿದ್ದು ಎರಡನೆಯದೇ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಲು ನೀವು ನನ್ನೊಂದಿಗೆ ಸ್ವಲ್ಪ ದೂರ, ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದವರೆಗೆ ಬರಬೇಕು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನು 1833ರಲ್ಲಿ ಅಂಗೀಕಾರವಾಯಿತು. ಕಬ್ಬಿನ ತೋಟಗಳ ಮಾಲೀಕರಿಗೆ ದುಡಿಯುವ ಕೈಗಳು ಬೇಕಾದವು. ಅವರ ಕಣ್ಣು ಬಿದ್ದದ್ದು ಭಾರತದ ಬಡ ರೈತರ ಮೇಲೆ. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕೂಲಿಗಳನ್ನು ಹೊತ್ತು ಮಾರಿಷಸ್ ತಲುಪಿತು. ಐದು ವರ್ಷಗಳ ಕರಾರು. ಇಂಗ್ಲಿಷಿನ 'ಅಗ್ರಿಮೆಂಟ್' ಎಂಬ ಪದ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಕರಾರಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಹೆಚ್ಚಿನವರಿಗೆ ಅದರಲ್ಲಿ ಏನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ಅವಿದ್ಯೆಗೆ ತೆರಬೇಕಾದ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಪೋರ್ಟ್ ಲೂಯಿ ಬಂದರಿನ 'ಆಪ್ರವಾಸಿ ಘಾಟ್' ಎಂಬಲ್ಲಿ ಅವರನ್ನು ಇಳಿಸಿ ತೋಟಗಳಿಗೆ ಹಂಚಲಾಗುತ್ತಿತ್ತು. 1834ರಿಂದ 1920ರವರೆಗೆ ಹೀಗೆ ಬಂದವರು ಸುಮಾರು 5 ಲಕ್ಷ. ಆ ಘಾಟನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಮಾರಿಷಸ್‌ನಷ್ಟೇ ಮುಖ್ಯವಾದ ಇನ್ನೊಂದು ತಾಣ ಅಲ್ಲಿಂದ ಬಹಳ ದೂರದ, ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್. ಅಲ್ಲಿಗೆ ಮೊದಲ ಭಾರತೀಯರನ್ನು ಕೊಂಡೊಯ್ದ ಹಡಗಿನ ಹೆಸರನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ದಾಖಲೆಗಳಲ್ಲಿ ಅದು 'ಫ್ಯಾಟೆಲ್ ರಝಾಕ್' ಎಂದಿದೆ. ಮೂಲದಲ್ಲಿ ಅದು 'ಫತ್ಹುರ್ರಝ್ಝಾಕ್', ಅಂದರೆ ಅನ್ನಾಧಾರ ನೀಡುವವನ ವಿಜಯ. ಅಲ್ಲಾಹನ ಆ ಪವಿತ್ರ ನಾಮವನ್ನು ಹೊತ್ತ ಹಡಗು 1845ರ ಫೆಬ್ರವರಿಯಲ್ಲಿ ಕಲ್ಕತ್ತೆಯನ್ನು ಬಿಟ್ಟು, ಮೂರು ತಿಂಗಳಿಗೂ ಮಿಕ್ಕಿ ಕಡಲಿನಲ್ಲಿದ್ದು, ಮೇ 30ರಂದು ಪೋರ್ಟ್ ಆಫ್ ಸ್ಪೇನ್ ಮುಟ್ಟಿತು. ಅದರಲ್ಲಿದ್ದವರು ಸುಮಾರು 225 ಮಂದಿ. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಅನ್ನ ಅರಸಿ ಹೊರಟವರಿಗೆ ಸಿಕ್ಕಿದ ಹಡಗಿಗೆ ಇಂತಹ ಹೆಸರು! 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಟ್ರಿನಿಡಾಡ್‌ಗೆ ಹೋದವರ ಸಂಖ್ಯೆ ಸುಮಾರು 1 ಲಕ್ಷ 44 ಸಾವಿರ.

ಕೂಲಿಗಳಿಗೆ ಪಡಿತರವಾಗಿ ಸಿಗುತ್ತಿದ್ದದ್ದು ಅಕ್ಕಿ, ಬೇಳೆ, ಉಪ್ಪು, ಒಂದಿಷ್ಟು ತುಪ್ಪ ಅಥವಾ ಎಣ್ಣೆ. ಮೊದಮೊದಲು ಹೋದ ಹಡಗುಗಳಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ. ಬೆಳಗಿನ ಜಾವದಿಂದ ಕಬ್ಬು ಕಡಿದು ಬಂದವರಿಗೆ ಬೇಳೆ ಬೇಯಿಸಿ, ಬಸಿದು, ರುಬ್ಬಿ, ತುಂಬಿ, ಲಟ್ಟಿಸುವ ಪುರುಸೊತ್ತಾದರೂ ಎಲ್ಲಿ? ದಾಲ್ ಪೂರಿ ದಿನನಿತ್ಯದ ರೊಟ್ಟಿಯಲ್ಲ. ಹಬ್ಬ, ಮದುವೆ, ಮನೆಗೆ ನೆಂಟರು ಬಂದ ದಿನಗಳ ರೊಟ್ಟಿ. ಆದ್ದರಿಂದ ಅದು ಉಳಿದದ್ದೇ ಒಂದು ಸೋಜಿಗ. ಕುಟುಂಬಗಳು ಕೂಡಿಬಂದ ಮೇಲೆ, ಕರಾರು ಮುಗಿಸಿ ಸ್ವಂತ ಗುಡಿಸಲು ಕಟ್ಟಿಕೊಂಡ ಮೇಲೆ, ಊರಿನಲ್ಲಿ ತಾಯಿ ಮಾಡುತ್ತಿದ್ದುದನ್ನು ನೆನಪಿನಿಂದಲೇ ಮತ್ತೆ ಮಾಡಿದರು.

ಊರಿನ ಬೇಳೆ ಮಾತ್ರ ಅಲ್ಲಿ ಸುಲಭವಾಗಿ ಸಿಗಲಿಲ್ಲ. ಭೋಜ್‌ಪುರಿ ನಾಡಿನಲ್ಲಿ ಇದಕ್ಕೆ ಕಡಲೆಬೇಳೆ. ಟ್ರಿನಿಡಾಡ್‌ನಲ್ಲಿ ಅದರ ಜಾಗಕ್ಕೆ ಹಳದಿ ಬಟಾಣಿ ಬೇಳೆ ಬಂತು. ಅಲ್ಲಿ ಇಂದಿಗೂ 'ದಾಲ್' ಎಂದರೆ ಅದೇ. ಗೋಧಿ ಹಿಟ್ಟಿನ ಬದಲು ಬಿಳಿ ಮೈದಾ ಬಂತು. ಬೇಳೆ ಬದಲಾಯಿತು, ಹಿಟ್ಟು ಬದಲಾಯಿತು, ಕೈಯ ಹದ ಬದಲಾಗಲಿಲ್ಲ.

ಆ ಹದ ಯಾವುದು ಎಂದು ತಿಳಿಯಬೇಕಾದರೆ ಒಮ್ಮೆ ನೀವೇ ಮಾಡಿ ನೋಡಬೇಕು. ವಿದ್ಯಾರ್ಥಿ ಮಿತ್ರರೇ, ಇದು ಹುಡುಗಿಯರಿಗೆ ಮಾತ್ರ ಹೇಳಿದ್ದಲ್ಲ. ಒಂದು ಲೋಟ ಕಡಲೆಬೇಳೆಯನ್ನು ಎರಡು ಮೂರು ಗಂಟೆ ನೆನೆಸಿ, ಅರಿಶಿನ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಅದರಲ್ಲಿ ಬೇಳೆ ಕರಗಿಹೋಗುತ್ತದೆ. ಬೆರಳುಗಳ ನಡುವೆ ಒತ್ತಿದರೆ ಪುಡಿಯಾಗಬೇಕು, ಆದರೆ ಕಾಳಿನ ಆಕಾರ ಹಾಗೆಯೇ ಇರಬೇಕು. ಆಗ ಇಳಿಸಿ ನೀರು ಬಸಿದು, ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿ. ಆಮೇಲೆ ನೀರು ಸೋಕಿಸದೆ ಪುಡಿ ಮಾಡಿ, ಉಪ್ಪು ಮತ್ತು ಹುರಿದು ಕುಟ್ಟಿದ ಜೀರಿಗೆ ಬೆರೆಸಿ. ನಮ್ಮ ಹೋಳಿಗೆಯ ಹೂರಣ ಬೆಲ್ಲ ಸೇರಿ ಮುದ್ದೆಯಾಗಿರುತ್ತದೆ. ಇದು ಹಾಗಲ್ಲ, ಮರಳಿನಂತೆ ಉದುರುದುರಾಗಿರಬೇಕು. ಹಸಿ ಉಳಿದರೆ ಲಟ್ಟಿಸುವಾಗ ರೊಟ್ಟಿ ಹರಿಯುವುದು ಖಂಡಿತ.

ಬಸಿದ ಆ ನೀರನ್ನು ಚೆಲ್ಲಬೇಡಿ. ನಮ್ಮ ಕಡೆ ಬೇಳೆಯ ಕಟ್ಟಿನಿಂದ ಹೋಳಿಗೆ ಸಾರು ಮಾಡುತ್ತಾರಲ್ಲವೇ? ಮಾರಿಷಸ್‌ನವರು ಅದೇ ಕಟ್ಟಿನಿಂದ ಹಿಟ್ಟು ಕಲಸುತ್ತಾರೆ. ಹಿಟ್ಟಿಗೆ ತಿಳಿ ಹಳದಿ ಬಣ್ಣವೂ ಬರುತ್ತದೆ, ಬೇಳೆಯ ಸಾರವೂ ವ್ಯರ್ಥವಾಗುವುದಿಲ್ಲ. ಎರಡು ಲೋಟ ಹಿಟ್ಟಿಗೆ ಒಂದು ಚಮಚ ಎಣ್ಣೆ ಹಾಕಿ, ಉಗುರು ಬೆಚ್ಚಗಿನ ಕಟ್ಟಿನಿಂದ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಉಂಡೆಯನ್ನು ಬಟ್ಟಲಿನಂತೆ ತಟ್ಟಿ, ಪುಡಿ ತುಂಬಿ, ಬಾಯಿ ಸೇರಿಸಿ, ಹತ್ತು ನಿಮಿಷ ಹಾಗೇ ಬಿಡಿ. ಅವಸರದವರು ಸೋಲುವುದು ಇಲ್ಲಿಯೇ. ಬಿಟ್ಟ ಉಂಡೆ ಲಟ್ಟಣಿಗೆಯ ಕೆಳಗೆ ತಾನಾಗಿ ಹರಡುತ್ತದೆ, ಬಿಡದ ಉಂಡೆ ಒಡೆಯುತ್ತದೆ. ಕಾದ ಕಾವಲಿಯ ಮೇಲೆ ಎರಡೂ ಕಡೆ ಬೇಯಿಸಿ, ಎಣ್ಣೆ ಸವರಿ, ಉಬ್ಬಿದ ಕೂಡಲೇ ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಗೋಧಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪೌಷ್ಟಿಕಾಂಶ ಬೇಳೆಯಲ್ಲಿ ಧಾರಾಳವಾಗಿದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಎರಡನ್ನೂ ಒಂದೇ ತುತ್ತಿಗೆ ಸೇರಿಸಿದವರಿಗೆ ಆ ಪದ ಗೊತ್ತಿರಲಿಲ್ಲ.

ಎಣ್ಣೆಯಲ್ಲಿ ಮುಳುಗಿಸಿ ಕರಿಯದಿದ್ದರೂ ಇದನ್ನು 'ಪೂರಿ' ಎಂದೇಕೆ ಕರೆಯುತ್ತಾರೆ ಎಂದು ನೀವು ಕೇಳಬಹುದು. ಪೂರಣ ಎಂದರೆ ತುಂಬುವುದು. ಕನ್ನಡದಲ್ಲಿ ಅದು ಹೂರಣವಾಯಿತು. ದಖನಿ ಉರ್ದು ಮನೆಗಳ ಪೂರನ್ ಪೂರಿ, ನಮ್ಮ ಹೋಳಿಗೆ, ಭೋಜ್‌ಪುರಿಯವರ ದಾಲ್ ಪೂರಿ ಇವೆಲ್ಲ ಒಂದೇ ಬಳಗದ ಮಕ್ಕಳು. ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಜೀರಿಗೆ, ಅಷ್ಟೇ ವ್ಯತ್ಯಾಸ. ಇದು ಹಿಂದೂಗಳದ್ದೋ ಮುಸ್ಲಿಮರದ್ದೋ ಎಂಬ ಪ್ರಶ್ನೆಯನ್ನು ತೋಟದ ಲೈನುಗಳಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಎತ್ತಿದಂತಿಲ್ಲ. ದೀಪಾವಳಿಗೂ ಅದೇ ರೊಟ್ಟಿ, ಈದ್‌ಗೂ ಅದೇ.

ಮಾರಿಷಸ್‌ನಲ್ಲಿ ಕಾಲಾನಂತರ ಅದು ಮನೆಯಿಂದ ಬೀದಿಗೆ ಬಂತು. ಇಂದು ಅಲ್ಲಿ 'ದಾಲ್ ಪೂರಿ' ಇಡೀ ದೇಶದ ತಿಂಡಿ. ಆಫ್ರಿಕ ಮೂಲದವರೂ, ಚೀನೀಯರೂ, ಫ್ರೆಂಚ್ ಮನೆತನದವರೂ ಕೊಂಡು ತಿನ್ನುತ್ತಾರೆ. ಒಂದನ್ನು ಕೇಳುವ ವಾಡಿಕೆ ಅಲ್ಲಿಲ್ಲ, ಎರಡನ್ನು ಒಂದರ ಮೇಲೊಂದಿಟ್ಟು ಜೋಡಿಯಾಗಿಯೇ ಕೊಡುತ್ತಾರೆ. ಟ್ರಿನಿಡಾಡ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1936ರಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನಲ್ಲಿ ಇಮಾಮುಲ್ ದೀನ್ ಮತ್ತು ಅವರ ಪತ್ನಿ ರಸೂಲನ್ ಎಂಬ ಮುಸ್ಲಿಮ್ ದಂಪತಿ ಅರಿಶಿನ ಹಾಕಿ ಕಲಸಿದ ಹಿಟ್ಟನ್ನು ತೆಳ್ಳಗೆ ತಟ್ಟಿ, ಕರಿದು, ಅದರ ಮೇಲೆ ಕಡಲೆ ಕಾಳಿನ ಪಲ್ಯ ಹಾಕಿ ಮಾರತೊಡಗಿದರು. ಆ ರೊಟ್ಟಿಯ ಹೆಸರು 'ಬಾರಾ', ನಮ್ಮ ವಡೆಯ ಬಳಗದ ಪದ. ಗಿರಾಕಿಗಳು ಒಂದು ಸಾಲದು, ಎರಡು ಹಾಕಿ ಎಂದು ಕೇಳಿ ಕೇಳಿ ಅದಕ್ಕೆ 'ಡಬಲ್ಸ್' ಎಂಬ ಹೆಸರೇ ಬಿತ್ತು. ಅಲ್ಲಿನ ಜನ ಇಂದು ಬೆಳಗ್ಗೆ ಎದ್ದು ಮೊದಲು ಹುಡುಕುವುದು ಡಬಲ್ಸ್ ಗಾಡಿಯನ್ನು. ಗಿರ್ಮಿಟಿಯಾಗಳ ವಂಶದ ಒಂದು ಸಾಮಾನ್ಯ ಕುಟುಂಬ ತಮ್ಮ ಅಡುಗೆ ಮನೆಯಿಂದಲೇ ಒಂದು ದೇಶಕ್ಕೆ ಅದರ ಉಪಾಹಾರವನ್ನು ಕೊಟ್ಟಿತು.

ಇಷ್ಟರ ನಡುವೆ ಕಳೆದುಹೋದದ್ದೂ ಇದೆ. ಅಜ್ಜಂದಿರ ಭೋಜ್‌ಪುರಿ ಭಾಷೆ ಮೊಮ್ಮಕ್ಕಳಿಗೆ ದಾಟಲಿಲ್ಲ. ಮಾರಿಷಸ್‌ನ 2000ದ ಜನಗಣತಿಯಲ್ಲಿ ಮನೆಯಲ್ಲಿ ಭೋಜ್‌ಪುರಿ ಮಾತನಾಡುವವರು ನೂರಕ್ಕೆ ಸುಮಾರು 12 ಮಂದಿ ಇದ್ದರು. 2011ರ ಹೊತ್ತಿಗೆ ಸುಮಾರು 5. ಉಳಿದವರಲ್ಲಿ ಬಹುತೇಕರ ಮನೆಮಾತು ಕ್ರಿಯೋಲ್. ಟ್ರಿನಿಡಾಡ್‌ನಲ್ಲಿ ಆ ಸ್ಥಾನವನ್ನು ಇಂಗ್ಲಿಷ್ ಬಹಳ ಹಿಂದೆಯೇ ಪಡೆಯಿತು. ಆದರೆ ಅಲ್ಲಿನ ಅಡುಗೆ ಮನೆಯೊಳಗೆ ನೀವು ಕಾಲಿಟ್ಟರೆ ಬೇರೆಯೇ ನಿಘಂಟು ತೆರೆದುಕೊಳ್ಳುತ್ತದೆ. ಕಾವಲಿಗೆ 'ತವಾ', ಲಟ್ಟಣಿಗೆಗೆ 'ಬೇಲ್ನಾ', ಮಣೆಗೆ 'ಚೌಕಿ', ಜೀರಿಗೆಗೆ 'ಗೀರಾ'. ಹಿಂದಿ, ಉರ್ದು, ಭೋಜ್‌ಪುರಿ ಯಾವುದರಲ್ಲೂ ಒಂದು ಇಡೀ ವಾಕ್ಯವನ್ನು ಆಡಲು ಬಾರದ ಹುಡುಗಿ, ತಾಯಿಯ ಪಕ್ಕದಲ್ಲಿ ಕೂತು ಹಿಟ್ಟನ್ನು ಚಿವುಟಿ ಉಂಡೆ ಕಟ್ಟುವಾಗ ಅದಕ್ಕೆ 'ಲೋಯಾ' ಎಂದೇ ಹೇಳುತ್ತಾಳೆ.