ಟಸ್ಕನಿಯ ಒಕ್ಕಲುಮನೆಗಳು

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬೇಸಾಯಗಾರರ ಮನೆಯಲ್ಲಿ ಹಣ ತೆತ್ತು ರಾತ್ರಿ ತಂಗಿ, ಬೆಳಗಿನ ಉಪಾಹಾರವನ್ನು ಮುಗಿಸಿ ಪ್ರಯಾಣವನ್ನು ಮುಂದುವರಿಸುವ ಪದ್ಧತಿಯು ಇಂದು ಲೋಕಪ್ರಸಿದ್ಧವಾಗಿದೆ. ಇದನ್ನು ಅಲ್ಲಿಯವರು 'ಅಗ್ರಿತುರಿಸ್ಮೊ' ಎನ್ನುತ್ತಾರೆ. ಹಳ್ಳಿಗರ ಪುರಾತನವಾದ ಅತಿಥಿಸತ್ಕಾರವೇ ಇದಕ್ಕೆ ಮೂಲವೆಂದು ಹೇಳುವುದುಂಟು. ಈ ಮಾತು ಕಿವಿಗೆ ಇಂಪಾಗಿದ್ದರೂ ಆ ಮನೆಗಳ ಚರಿತ್ರೆಯ ಮುಂದೆ ನಿಲ್ಲತಕ್ಕುದಲ್ಲ. ಅತಿಥಿಗಳಿಗೆ ಕೋಣೆಗಳು ದೊರೆತುದು ಬಹುಮಟ್ಟಿಗೆ ಅವುಗಳಲ್ಲಿದ್ದ ಒಕ್ಕಲುಗಳು ಹೊರಟುಹೋದುದರಿಂದ.

ಟಸ್ಕನಿಯ ಬೇಸಾಯವು ಶತಮಾನಗಳ ಕಾಲ 'ಮೆತ್ಸಾದ್ರಿಯ' ಎಂಬ ಪಾಲುಗಾರಿಕೆಯ ಕ್ರಮದಲ್ಲಿ ನಡೆಯಿತು. ಕೋರು, ವಾರ ಎಂಬ ಹೆಸರುಗಳಿಂದ ನಮ್ಮಲ್ಲಿ ರೂಢಿಯಲ್ಲಿದ್ದ ಬೇಸಾಯವನ್ನು ಬಲ್ಲವರಿಗೆ ಇದು ಹೊಸದೆಂದು ತೋರದು. ನೆಲವೂ ಮನೆಯೂ ಒಡೆಯನವು. ದುಡಿಮೆ ಒಕ್ಕಲಿನ ಇಡೀ ಸಂಸಾರದ್ದು. ಬೆಳೆಯಲ್ಲಿ ಇಬ್ಬರಿಗೂ ಅರ್ಧರ್ಧ. ಇಷ್ಟರಿಂದಲೇ ಋಣವು ತೀರುತ್ತಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಇಷ್ಟು ಮೊಟ್ಟೆ, ಕ್ರಿಸ್ತಜಯಂತಿಗೆ ಇಷ್ಟು ಕೊಬ್ಬಿಸಿದ ಹುಂಜಗಳೆಂದು ಕರಾರುಗಳಲ್ಲಿ ಎಣಿಸಿ ಬರೆಯುತ್ತಿದ್ದರು. ಮನೆಯವರ ಮದುವೆಗೂ ಒಡೆಯನ ಒಪ್ಪಿಗೆ ಬೇಕೆಂಬ ಕರಾರುಗಳಿದ್ದುವು. ಕನ್ನಡದಲ್ಲಿ 'ಒಕ್ಕಲು' ಎಂಬ ಒಂದೇ ಶಬ್ದವು ವಾಸವನ್ನೂ ಗೇಣಿದಾರನನ್ನೂ ಸೂಚಿಸುವುದು ಇಲ್ಲಿ ಸ್ಮರಣೀಯವು: ಸಾಗುವಳಿ ತಪ್ಪಿದವನಿಗೆ ಮನೆಯೂ ತಪ್ಪುತ್ತಿತ್ತು, ಎರಡಕ್ಕೂ ಸೇರಿ ನಮ್ಮ 'ಒಕ್ಕಲೆಬ್ಬಿಸು' ಎಂಬ ಮಾತೊಂದೇ ಸಾಕು.

ಮನೆಯ ರಚನೆಯೂ ಈ ವ್ಯವಸ್ಥೆಗೆ ಅನುಗುಣವಾಗಿತ್ತು. ಸಾಮಾನ್ಯವಾಗಿ ಕೆಳಗೆ ಎತ್ತುಗಳ ಕೊಟ್ಟಿಗೆ, ದ್ರಾಕ್ಷಾರಸದ ಉಗ್ರಾಣ. ಹೊರಗಿನ ಕಲ್ಲುಮೆಟ್ಟಿಲನ್ನು ಹತ್ತಿದರೆ ದೊಡ್ಡ ಒಲೆಯುಳ್ಳ ಅಡಿಗೆಮನೆ, ಅದರ ಸುತ್ತ ಮಲಗುವ ಕೋಣೆಗಳು. ಅನೇಕ ಮನೆಗಳ ಮೇಲೆ ಪಾರಿವಾಳಗಳ ಗೋಪುರ. 1770ರಲ್ಲಿ ಫೆರ್ದಿನಾಂದೊ ಮೊರೊತ್ಸಿ ಎಂಬಾತನು ರೈತರ ಮನೆಗಳ ವಾಸ್ತುವನ್ನೇ ಕುರಿತು ಫ್ಲಾರೆನ್ಸಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಯಾತ್ರಿಕನು ಹಳ್ಳಿಗರ ಸಹಜ ಸೌಂದರ್ಯವೆಂದು ಮೆಚ್ಚುವುದರಲ್ಲಿ ಜಮೀನಿನ ಆಡಳಿತದ ಲೆಕ್ಕಾಚಾರವೂ ಬಹಳವಾಗಿ ಸೇರಿದೆ.

ಎರಡನೆಯ ಮಹಾಯುದ್ಧದ ತರುವಾಯ ಒಕ್ಕಲುಗಳು ಪ್ರಬಲವಾದ ಚಳವಳಿಯನ್ನು ಹೂಡಿದರು. 1947ರಲ್ಲಿ ಅವರ ಪಾಲು ನೂರಕ್ಕೆ 53 ಆಯಿತು. 1964ರ ಕಾಯಿದೆಯಿಂದ 58 ಆಯಿತು. ಅದೇ ಕಾಯಿದೆಯು ಹೊಸ ಪಾಲುಗಾರಿಕೆಯ ಕರಾರುಗಳನ್ನು ನಿಷೇಧಿಸಿತು. ಆದರೆ ಅಷ್ಟು ಹೊತ್ತಿಗೆ ತರುಣರು ಪ್ರಾತೊ ಮುಂತಾದ ಪಟ್ಟಣಗಳ ಗಿರಣಿಗಳನ್ನು ಸೇರತೊಡಗಿದ್ದರು. ನ್ಯಾಯವು ಬಂದಾಗ ಅದನ್ನು ಪಡೆಯಬೇಕಾದವರಲ್ಲಿ ಅನೇಕರು ಮನೆಯಲ್ಲಿರಲಿಲ್ಲ. ಮರುವರ್ಷವೇ, 1965ರಲ್ಲಿ, ಭೂಮಾಲೀಕರ ಸಂಘವಾದ ಕಾನ್ಫಗ್ರಿಕೊಲ್ತೂರದ ಆಶ್ರಯದಲ್ಲಿ 'ಅಗ್ರಿತುರಿಸ್ತ್' ಎಂಬ ಸಂಸ್ಥೆಯು ಹುಟ್ಟಿತು. ಇವೆರಡು ವರ್ಷಗಳ ಸಾಮೀಪ್ಯವನ್ನು ಕೇವಲ ಆಕಸ್ಮಿಕವೆನ್ನುವುದು ಕಷ್ಟ.

1985ರ 730ನೆಯ ಕಾಯಿದೆಯು ಈ ಉದ್ಯಮಕ್ಕೆ ರಾಷ್ಟ್ರೀಯ ನಿಯಮಗಳನ್ನು ವಿಧಿಸಿತು. ಬೇಸಾಯವೇ ಮುಖ್ಯವಾಗಿದ್ದು ಅತಿಥಿಗಳ ವಸತಿಯು ಅದಕ್ಕೆ ಪೂರಕವಾಗಿರಬೇಕೆಂಬುದು ಅದರ ತಿರುಳು. ಬೇಸಾಯಗಾರನು ವಾಸಿಸುವ ಮನೆಯ ಕೋಣೆಗಳನ್ನಲ್ಲದೆ, ಸಾಗುವಳಿಗೆ ಇನ್ನು ಅವಶ್ಯಕವಲ್ಲದ ಕಟ್ಟಡಗಳನ್ನೂ ಬಳಸಬಹುದೆಂದು ಅದು ಹೇಳಿತು. ಅವು ಏಕೆ ಅನವಶ್ಯಕವಾದುವೆಂಬುದನ್ನು ಹೇಳುವುದು ಕಾಯಿದೆಯ ಕೆಲಸವಲ್ಲ, ನಿಜ. ಚರಿತ್ರಕಾರನ ಕೆಲಸವಂತೂ ಹೌದು. ಪಾಳುಬೀಳಲಿದ್ದ ಎಷ್ಟೋ ಮನೆಗಳು ಈ ಉದ್ಯಮದಿಂದ ಉಳಿದುವೆಂಬುದನ್ನೂ, ಸ್ವಂತ ನೆಲವುಳ್ಳ ಸಣ್ಣ ರೈತರಿಗೆ ಇದು ಆಸರೆಯಾಯಿತೆಂಬುದನ್ನೂ ಅಲ್ಲಗಳೆಯಲಾಗದು. 2006ರಲ್ಲಿ ಆ ಕಾಯಿದೆಯ ಸ್ಥಾನಕ್ಕೆ 96ನೆಯ ಕಾಯಿದೆಯು ಬಂದಿತು. ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಅವುಗಳ ವಾಸ್ತುಲಕ್ಷಣವು ಕೆಡದಂತೆ ಪ್ರಾಂತಗಳು ನಿಯಮಗಳನ್ನು ಮಾಡಬೇಕೆಂದು ಅದು ವಿಧಿಸಿದೆ. ಹೀಗಾಗಿ ಕೊಟ್ಟಿಗೆಯ ಕಮಾನುಗಳು ಇಂದಿಗೂ ಹಾಗೆಯೇ ಇವೆ, ಅವುಗಳ ಕೆಳಗೆ ಹಾಸಿಗೆಗಳಿವೆ.