ಹಳೇ ಜೀಪಿನ ಹೆಡ್‌ಲೈಟ್ ಸ್ವಿಚ್ ಬಿಸಿಯಾಗ್ತಿದ್ಯಾ? ರಿಲೇ ಹಾಕಿಸಿ

ಮಲೆನಾಡಿನ ತೋಟಗಳಲ್ಲಿ ಇನ್ನೂ ಓಡುವ ಹಳೇ ಜೀಪುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಯೋದು ಸಾಮಾನ್ಯ. 12 ವೋಲ್ಟಿಗೆ 60 ವ್ಯಾಟಿನ ಎರಡು ಬಲ್ಬ್ ಅಂದ್ರೆ 10 ಆಂಪಿಯರ್. ಸವೆದ ಸ್ವಿಚ್ ಇಷ್ಟು ತಡೆಯಲ್ಲ. ಮಳೆಗಾಲದ ರಾತ್ರಿ, ಘಾಟಿ ತಿರುವಿನಲ್ಲೇ ಲೈಟು ಕೈಕೊಡಬಹುದು.

ರಿಲೇ ಹಾಕಿದರೆ ಸ್ವಿಚ್ಚಿಗೆ ಆ ಹೊರೆ ಇಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ಪಾಸಿಟಿವ್‌ನಿಂದ ಫ್ಯೂಸ್ ದಾಟಿ ಬರುವ ದಪ್ಪ ವೈರು ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಸ್ವಿಚ್ಚಿನ ಹಳೇ ವೈರು 86ಕ್ಕೆ, 85 ಬಾಡಿ ಅರ್ತಿಗೆ. ಹೈ, ಡಿಮ್ ಎರಡಕ್ಕೂ ಬೇರೆ ಬೇರೆ ರಿಲೇ, ಬೇರೆ ಬೇರೆ 15 ಆಂಪಿಯರ್ ಫ್ಯೂಸ್ ಇರಲಿ. ಒಂದು ಹೋದರೂ ಇನ್ನೊಂದು ಉರಿಯುತ್ತದೆ. ಅರ್ತ್ ಕೊಡುವ ಜಾಗದ ಪೇಂಟ್ ಕೆರೆಯಲೇಬೇಕು. ಲೈಟು ಮಂಕು ಅಂತ ಬಲ್ಬ್ ಮೇಲೆ ಬಲ್ಬ್ ಬದಲಿಸುವವರು ನೋಡದೇ ಬಿಡೋದು ಇದನ್ನೇ.